ಡೇಟಾಬೇಸ್ ಫಂಕ್ಷನ್ ಕರೆಯೋಕೆ ಯಾವ ಅನೋಟೇಶನ್? ಶಿರಸಿಯ ಅಡಿಕೆ ಲೆಕ್ಕ, ಕಾರವಾರದ ಡೀಸೆಲ್ ಲೆಕ್ಕ

ಶಿರಸಿಯಲ್ಲಿ ಅಡಿಕೆ ಜೋರಾಗಿ ಬರುತ್ತಿದ್ದ ದಿನ ಅದು. ಸೊಸೈಟಿಯ ಕೌಂಟರ್ ಎದುರು ಬೆಳೆಗಾರರು ನಿಂತಿದ್ದರು. ಒಳಗೆ ಕಂಪ್ಯೂಟರ್‌ನಲ್ಲಿ ಸದಸ್ಯರ ಹೆಸರು ಆರಿಸುವ ಪುಟ ತೆರೆಯುತ್ತಲೇ ಇರಲಿಲ್ಲ. ಲೆಕ್ಕ ನೋಡುವ ಹಿರಿಯರು ಫೋನ್ ಮಾಡಿದರು. "ತಮಾ, ಚಕ್ರ ತಿರಗ್ತಾನೇ ಇದ್ದು, ಹೆಸ್ರು ಮಾತ್ರ ಬತ್ತಾ ಇಲ್ಲೆ."

ತಪ್ಪು ನನ್ನದೇ. ಹಿಂದಿನ ವಾರ ಸದಸ್ಯರ ಎಂಟಿಟಿಗೆ, ಅಂದರೆ ಸದಸ್ಯರ ಟೇಬಲ್‌ಗೆ ಜೋಡಿಸಿದ ಜಾವಾ ಕ್ಲಾಸ್‌ಗೆ, ಒಂದು ಸಾಲು ಸೇರಿಸಿದ್ದೆ. ಡೇಟಾಬೇಸ್‌ನಲ್ಲಿ ಮೊದಲಿಂದಲೂ ಇದ್ದ ‘ನಿವ್ವಳ_ಬಾಕಿ’ ಎಂಬ ಫಂಕ್ಷನ್‌ಗೆ @ಫಾರ್ಮುಲಾ ಅನೋಟೇಶನ್‌ನಿಂದ (ಅನೋಟೇಶನ್ ಅಂದರೆ ಕೋಡ್ ಮೇಲೆ @ ಹಾಕಿ ಬರೆಯುವ ಗುರುತು) ಕರೆ ಹಾಕಿದ್ದೆ. ಆ ಫಂಕ್ಷನ್ ಒಬ್ಬ ಸದಸ್ಯರ ಖಾತೆಯನ್ನು ಪೂರ್ತಿ ಓದಿ, ಮಾರಿದ ರಾಶಿ, ಬೆಟ್ಟೆ, ಚಾಲಿ ಎಂಬ ಅಡಿಕೆ ಬಗೆಗಳ ಹಣ ಕೂಡಿಸಿ, ದಲಾಲಿ, ಹಮಾಲಿ, ಮುಂಗಡ, ಅದರ ಬಡ್ಡಿ ಎಲ್ಲ ಕಳೆದು ಒಂದು ಮೊತ್ತ ಕೊಡುತ್ತದೆ. ಒಬ್ಬರಿಗೆ ಕರೆದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬರುತ್ತದೆ. ಆದರೆ ಹೆಸರು ಆರಿಸುವ ಡ್ರಾಪ್‌ಡೌನ್‌ಗೆ ಸದಸ್ಯರೆಲ್ಲ ಒಟ್ಟಿಗೆ ಲೋಡ್ ಆಗುತ್ತಿದ್ದರು. ಅಷ್ಟೂ ಜನರ ಬಡ್ಡಿ ಲೆಕ್ಕ, ಸುಮ್ನೆ ಹೆಸರು ತೋರಿಸೋಕೆ!

ಆವತ್ತು ಆ ಸಾಲು ತೆಗೆದು ಹಾಕಿ ಬಚಾವಾದೆ. ಫಂಕ್ಷನ್ ಸರಿಯಾಗಿಯೇ ಇತ್ತು, ಅದನ್ನು ಕರೆದ ಜಾಗ ತಪ್ಪಾಗಿತ್ತು. ಆಮೇಲೆ ಕಾರವಾರದ ಇನ್ನೊಂದು ಕೆಲಸದಲ್ಲಿ ಬೇರೆ ಥರದ ಪೆಟ್ಟು ಬಿತ್ತು. ಎರಡನ್ನೂ ಸೇರಿಸಿ, ಯಾವ ಅನೋಟೇಶನ್ ಯಾವಾಗ ಅಂತ ಇಲ್ಲಿ ಬರೆಯುತ್ತಿದ್ದೇನೆ. ನಾನು ಬಳಸುವುದು ಜಾವಾ ಭಾಷೆ, ಅದರ ಸ್ಪ್ರಿಂಗ್ ಫ್ರೇಮ್‌ವರ್ಕ್, ಜಾವಾ ಕ್ಲಾಸ್‌ಗಳನ್ನು ಟೇಬಲ್‌ಗಳಿಗೆ ಜೋಡಿಸುವ ಹೈಬರ್ನೇಟ್ ಮತ್ತು ಪೋಸ್ಟ್‌ಗ್ರೆಸ್ ಡೇಟಾಬೇಸ್. ಒರಾಕಲ್ ಡೇಟಾಬೇಸ್‌ನಲ್ಲಿ ಬೇರೆಯಾಗುವ ಕಡೆ ಹೇಳುತ್ತೇನೆ. ಕೋಡ್‌ನ ಹೆಸರುಗಳನ್ನು ಕನ್ನಡದಲ್ಲೇ ಬರೆದಿದ್ದೇನೆ, ಎಡಿಟರ್‌ನಲ್ಲಿ ಅವುಗಳ ಇಂಗ್ಲಿಷ್ ಕಾಗುಣಿತ ನಿಮಗೆ ಗೊತ್ತೇ ಇದೆ.

"ಆ ಲೆಕ್ಕವನ್ನೆಲ್ಲ ಜಾವಾದಲ್ಲೇ ಬರೆದರಾಯ್ತಲ್ಲ?" ಅಂತ ಕೇಳಬಹುದು. ಹೊಸ ಕೆಲಸವಾದರೆ ನಾನೂ ಹಾಗೇ ಮಾಡುತ್ತೇನೆ. ಆದರೆ ಇಲ್ಲಿ ಅದೇ ಫಂಕ್ಷನ್ ಅನ್ನು ಹಳೆಯ ಡೆಸ್ಕ್‌ಟಾಪ್ ಸಾಫ್ಟ್‌ವೇರ್ ಕರೆಯುತ್ತದೆ, ವರ್ಷಾಂತ್ಯದ ವರದಿಗಳೂ ಕರೆಯುತ್ತವೆ. ಜಾವಾದಲ್ಲಿ ಇನ್ನೊಂದು ಸಲ ಬರೆದರೆ ಪೈಸೆ ದುಂಡು ಮಾಡುವಲ್ಲಿ ಎಲ್ಲೋ ಒಂದು ಕಡೆ ತಪ್ಪುತ್ತದೆ. ಬೆಳೆಗಾರನ ಕೈಯಲ್ಲಿರುವ ಬಿಲ್ಲಿಗೂ ಪರದೆಗೂ ಎಂಟಾಣೆ ವ್ಯತ್ಯಾಸ ಬಂದರೆ ಸಾಕು, ನಾಲ್ಕು ದಿನ ಅದೇ ಮಾತು.

ಮೊದಲು ಫಂಕ್ಷನ್‌ನ ಗುಣ ನೋಡಿ

ಅನೋಟೇಶನ್ ಹುಡುಕುವ ಮೊದಲು ಫಂಕ್ಷನ್ ತೆರೆದು ಓದಬೇಕು. ಅದು ಬರೀ ಓದುತ್ತದಾ, ಇಲ್ಲಾ ಟೇಬಲ್‌ಗೆ ಬರೆಯುತ್ತದಾ? ಒಂದು ಮೌಲ್ಯ ಕೊಡುತ್ತದಾ, ಹತ್ತು ಸಾಲು ಕೊಡುತ್ತದಾ, ಏನೂ ಕೊಡುವುದಿಲ್ವಾ? ಅದನ್ನು ಒಬ್ಬರಿಗೆ ಒಮ್ಮೆ ಕರೆಯುತ್ತೀರಾ, ಪ್ರತಿ ಸಾಲಿಗೂ ಕರೆಯುತ್ತೀರಾ? ಈ ಮೂರಕ್ಕೆ ಉತ್ತರ ಸಿಕ್ಕರೆ ಆಯ್ಕೆ ಮುಕ್ಕಾಲು ಮುಗಿದ ಹಾಗೆ.

ಇನ್ನೊಂದು ವಿಷಯ. ಡೇಟಾಬೇಸ್‌ಗೆ ಫಂಕ್ಷನ್ ಬೇರೆ, ಪ್ರೊಸೀಜರ್ ಬೇರೆ. ಫಂಕ್ಷನ್ ಅನ್ನು ಸೆಲೆಕ್ಟ್ ಒಳಗೆ ಕರೆಯುತ್ತೇವೆ, ಪ್ರೊಸೀಜರ್ ಅನ್ನು ಕಾಲ್ ಅಂತ ಕರೆಯುತ್ತೇವೆ. ಪೋಸ್ಟ್‌ಗ್ರೆಸ್‌ನಲ್ಲಿ ಪ್ರೊಸೀಜರ್ ಬಂದಿದ್ದೇ 2018ರ 11ನೇ ಆವೃತ್ತಿಯಲ್ಲಿ. ಅದಕ್ಕೆ ಮೊದಲು ಎಲ್ಲವನ್ನೂ ಫಂಕ್ಷನ್ ಆಗಿಯೇ ಬರೆಯಬೇಕಿತ್ತು. ಹಾಗಾಗಿ ಹಳೆಯ ಡೇಟಾಬೇಸ್‌ಗಳಲ್ಲಿ ಹೆಸರು ಫಂಕ್ಷನ್, ಮಾಡುವುದು ಪ್ರೊಸೀಜರ್ ಕೆಲಸ. ಇತ್ತ ಜಾವಾದಿಂದ ಡೇಟಾಬೇಸ್ ಬಳಸುವ ನಿಯಮಾವಳಿಯಾದ ಜೆಪಿಎಯ 2.1ನೇ ಆವೃತ್ತಿಯಲ್ಲಿ, ಅಂದರೆ 2013ರಲ್ಲಿ, @ನೇಮ್ಡ್‌ಸ್ಟೋರ್ಡ್‌ಪ್ರೊಸೀಜರ್‌ಕ್ವೆರಿ ಬಂತು. ಅದರಲ್ಲಿ ಪ್ಯಾರಾಮೀಟರ್‌ಗೆ ಇನ್, ಔಟ್, ಇನ್‌ಔಟ್, ರೆಫ್ ಕರ್ಸರ್ ಎಂಬ ನಾಲ್ಕು ಬಗೆ ಇವೆ. ಫಂಕ್ಷನ್‌ನ ರಿಟರ್ನ್ ಮೌಲ್ಯಕ್ಕೆ ಅಂತ ಬಗೆಯೇ ಇಲ್ಲ. ಮುಂದೆ ಬರುವ ತಲೆನೋವಿನಲ್ಲಿ ಅರ್ಧದಷ್ಟು ಹುಟ್ಟುವುದು ಇಲ್ಲಿಂದಲೇ.

@ಫಾರ್ಮುಲಾ: ಚಿಕ್ಕದು, ಚೊಕ್ಕದು, ಅಪಾಯದ್ದು

ಇದು ಹೈಬರ್ನೇಟ್‌ನ ಸ್ವಂತ ಅನೋಟೇಶನ್, ಜೆಪಿಎಯಲ್ಲಿ ಇಲ್ಲ. ಎಂಟಿಟಿಯ ಒಂದು ಫೀಲ್ಡ್ ಮೇಲೆ @ಫಾರ್ಮುಲಾ("ನಿವ್ವಳ_ಬಾಕಿ(ಸದಸ್ಯ_ಸಂಖ್ಯೆ)") ಅಂತ ಬರೆದರೆ, ಆ ಎಂಟಿಟಿ ಲೋಡ್ ಆಗುವಾಗಲೆಲ್ಲ ಆ ತುಣುಕು ಸೆಲೆಕ್ಟ್ ಒಳಗೆ ಸೇರುತ್ತದೆ. ಒಳಗೆ ಬರೆಯಬೇಕಾದ್ದು ಕಾಲಮ್‌ನ ಹೆಸರು, ಜಾವಾ ಫೀಲ್ಡ್‌ನ ಹೆಸರಲ್ಲ. ಮೊದಲ ಸಲ ಎಲ್ಲರೂ ಎಡವುವುದು ಇಲ್ಲೇ.

ಬಳಸೋಕೆ ಭಾರೀ ಸುಲಭ. ಗೆಟರ್ (ಫೀಲ್ಡ್‌ನ ಮೌಲ್ಯ ಕೊಡುವ ಮೆಥಡ್) ಕರೆದರೆ ಮೊತ್ತ ಬಂತು, ವಿಂಗಡಣೆಗೂ ಬಳಸಬಹುದು. ಆದರೆ "ಲೋಡ್ ಆಗುವಾಗಲೆಲ್ಲ" ಅಂದೆನಲ್ಲ, ಆ ಮಾತನ್ನು ಇನ್ನೊಮ್ಮೆ ಓದಿ. ಲೇಜಿ ಮಾಡಿದರಾಯ್ತು, ಅಂದರೆ ಬೇಕಾದಾಗ ಮಾತ್ರ ಲೋಡ್ ಆಗಲಿ ಅಂದುಕೊಂಡರೆ, ಫೀಲ್ಡ್ ಮಟ್ಟದ ಲೇಜಿ ಕೆಲಸ ಮಾಡೋಕೆ ಬೈಟ್‌ಕೋಡ್ ಎನ್‌ಹ್ಯಾನ್ಸ್‌ಮೆಂಟ್ (ಕಂಪೈಲ್ ಆದ ಕ್ಲಾಸ್ ಅನ್ನು ಹೈಬರ್ನೇಟ್ ತಿದ್ದುವುದು) ಬೇಕು. ಅದಿಲ್ಲದಿದ್ದರೆ ಲೇಜಿ ಅಂತ ಬರೆದದ್ದನ್ನು ಹೈಬರ್ನೇಟ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಇನ್ನೊಂದು ತೊಡಕು: ಲೋಡ್ ಆದ ಮೇಲೆ ಮೊತ್ತ ಹಾಗೇ ಕೂತಿರುತ್ತದೆ. ಅದೇ ಟ್ರಾನ್ಸಾಕ್ಷನ್‌ನಲ್ಲಿ ನೀವು ಮುಂಗಡ ಸೇರಿಸಿದರೂ ಗೆಟರ್ ಹಳೆಯ ಬಾಕಿಯನ್ನೇ ಹೇಳುತ್ತದೆ, ರಿಫ್ರೆಶ್ ಮಾಡುವ, ಅಂದರೆ ಡೇಟಾಬೇಸ್‌ನಿಂದ ಮತ್ತೆ ಓದುವ ತನಕ.

ನನ್ನ ಲೆಕ್ಕದಲ್ಲಿ @ಫಾರ್ಮುಲಾ ಬಳಸಬೇಕಾದ್ದು ಅದೇ ಸಾಲಿನ ಕಾಲಮ್‌ಗಳಿಂದಲೇ ಉತ್ತರ ಕೊಡುವ ಹಗುರ ಫಂಕ್ಷನ್‌ಗೆ ಮಾತ್ರ. ಕಿಲೋ ತೂಕವನ್ನು ಕ್ವಿಂಟಲ್ ಮಾಡುವುದು, ದಿನಾಂಕದಿಂದ ಹಂಗಾಮು ಹೇಳುವುದು, ಅಂಥವಕ್ಕೆ. ಬೇರೆ ಟೇಬಲ್ ಮುಟ್ಟುವ ಫಂಕ್ಷನ್ ಆದರೆ ಬೇಡವೇ ಬೇಡ.

ಜೆಪಿಕ್ಯೂಎಲ್ ಒಳಗೆ ಕರೆಯುವುದು

ಜೆಪಿಎ 2.1ರಲ್ಲೇ ಬಂದ ಇನ್ನೊಂದು ಸೌಕರ್ಯ, ಎಂಟಿಟಿಗಳ ಹೆಸರಿನಲ್ಲೇ ಬರೆಯುವ ಜೆಪಿಕ್ಯೂಎಲ್ ಕ್ವೆರಿ ಒಳಗೆ ಫಂಕ್ಷನ್('ಹೆಸರು', ಪ್ಯಾರಾಮೀಟರ್) ಅಂತ ಬರೆಯುವುದು. ಸ್ಪ್ರಿಂಗ್‌ನಲ್ಲಿ @ಕ್ವೆರಿ ಅನೋಟೇಶನ್ ಒಳಗೆ ಇದನ್ನು ಹಾಕಬಹುದು. ನನಗೆ ಇದು ತುಂಬಾ ಉಪಯೋಗಕ್ಕೆ ಬಂದದ್ದು ಹೆಸರು ಹುಡುಕುವಾಗ.

ನಮ್ಮ ಕಡೆ ಒಂದೇ ಮನೆಯವರು ಒಂದು ಕಾಗದದಲ್ಲಿ ಹೆಗಡೆ, ಇನ್ನೊಂದರಲ್ಲಿ ಹೆಗ್ಡೆ. ಭಟ್, ಭಟ್ಟ, ಭಟ್ಟರು ಮೂರೂ ಒಂದೇ ಖಾತೆ. ಇದಕ್ಕೆ ‘ಹೆಸರು_ಸರಿ’ ಅಂತ ಒಂದು ಫಂಕ್ಷನ್ ಇದೆ. ಹೇಗೆ ಬರೆದರೂ ಒಂದೇ ರೂಪಕ್ಕೆ ತರುತ್ತದೆ. ಕ್ವೆರಿಯಲ್ಲಿ, ಟೇಬಲ್‌ನ ಹೆಸರಿಗೂ ಹುಡುಕುವವರು ಟೈಪ್ ಮಾಡಿದ ಹೆಸರಿಗೂ ಅದನ್ನೇ ಹಾಕಿ ಹೋಲಿಸಿದರೆ ಮುಗಿಯಿತು. ಕ್ವೆರಿ ಎಂಟಿಟಿಗಳ ಭಾಷೆಯಲ್ಲೇ ಉಳಿಯುತ್ತದೆ. ಪುಟ ವಿಂಗಡಣೆ, ಜಾಯಿನ್ ಎಲ್ಲ ಮೊದಲಿನ ಹಾಗೇ.

ಆದರೆ ಇಲ್ಲಿ ಡೇಟಾಬೇಸ್ ಕಡೆ ಒಂದು ಕೆಲಸ ಮಾಡಲೇಬೇಕು. ಪೋಸ್ಟ್‌ಗ್ರೆಸ್‌ನಲ್ಲಿ ಫಂಕ್ಷನ್ ಬರೆಯುವಾಗ ಏನೂ ಹೇಳದಿದ್ದರೆ ಅದು ವೊಲಟೈಲ್ ಅಂತ ಆಗುತ್ತದೆ. ಅಂದರೆ "ಪ್ರತಿ ಸಲ ಬೇರೆ ಉತ್ತರ ಬರಬಹುದು, ಪ್ರತಿ ಸಾಲಿಗೂ ಹೊಸದಾಗಿ ಕರೆ" ಅಂತ ಡೇಟಾಬೇಸ್ ತಿಳಿಯುತ್ತದೆ. ಅಂಥದ್ದನ್ನು ವೇರ್ (ಕ್ವೆರಿಯ ಷರತ್ತು) ಒಳಗೆ ಹಾಕಿದರೆ ಇಂಡೆಕ್ಸ್ (ಬೇಗ ಹುಡುಕುವ ಸೂಚಿ) ಬಳಕೆಗೆ ಬರುವುದಿಲ್ಲ, ಇಡೀ ಟೇಬಲ್ ಓದುತ್ತದೆ. ‘ಹೆಸರು_ಸರಿ’ ಯಾವ ಟೇಬಲ್ಲನ್ನೂ ಮುಟ್ಟುವುದಿಲ್ಲ, ಒಂದೇ ಹೆಸರಿಗೆ ಯಾವಾಗಲೂ ಒಂದೇ ಉತ್ತರ. ಹಾಗಾಗಿ ಅದನ್ನು ಇಮ್ಮ್ಯೂಟಬಲ್ ಅಂತ ಗುರುತು ಮಾಡಿ, ಆ ಫಂಕ್ಷನ್ ಮೇಲೆಯೇ ಇಂಡೆಕ್ಸ್ ಕಟ್ಟಿದೆ. ಇಮ್ಮ್ಯೂಟಬಲ್ ಅಲ್ಲದ ಫಂಕ್ಷನ್ ಮೇಲೆ ಇಂಡೆಕ್ಸ್ ಕಟ್ಟೋಕೆ ಪೋಸ್ಟ್‌ಗ್ರೆಸ್ ಬಿಡುವುದೇ ಇಲ್ಲ. ‘ನಿವ್ವಳ_ಬಾಕಿ’ ಟೇಬಲ್ ಓದುತ್ತದೆ, ಬರೆಯುವುದಿಲ್ಲ. ಅದಕ್ಕೆ ಸರಿಯಾದ ಗುರುತು ಸ್ಟೇಬಲ್. ವೇಗದ ಆಸೆಗೆ ಸುಳ್ಳು ಗುರುತು ಹಾಕಬೇಡಿ. ಹಾಕಿದರೆ ಇಂಡೆಕ್ಸ್ ತಪ್ಪು ಉತ್ತರ ಕೊಡುತ್ತದೆ, ಎಲ್ಲೂ ಎರರ್ ಸಹ ಬರುವುದಿಲ್ಲ.

ವೇರ್‌ನಲ್ಲಿ ಬಳಸಿದ್ದು ನಡೆದು, ಅದೇ ಫಂಕ್ಷನ್ ಸೆಲೆಕ್ಟ್ ಪಟ್ಟಿಗೆ ಬಂದಾಗ ಹೈಬರ್ನೇಟ್ 5 ಮುನಿಸಿಕೊಳ್ಳುತ್ತದೆ. ಉತ್ತರ ಯಾವ ಟೈಪ್ ಅಂತ ಅದಕ್ಕೆ ಗೊತ್ತಿರುವುದಿಲ್ಲ. ಆಗ ಫಂಕ್ಷನ್ ಅನ್ನು ಮೊದಲೇ ನೋಂದಾಯಿಸಬೇಕು. ಹೈಬರ್ನೇಟ್ 5ರಲ್ಲಿ ಅದಕ್ಕೆ ಮೆಟಾಡೇಟಾ‌ಬಿಲ್ಡರ್‌ಕಾಂಟ್ರಿಬ್ಯೂಟರ್ ಇತ್ತು, 6ರಲ್ಲಿ ಫಂಕ್ಷನ್‌ಕಾಂಟ್ರಿಬ್ಯೂಟರ್. ಒಂದು ಪುಟ್ಟ ಕ್ಲಾಸ್ ಬರೆದು, ಹೆಸರು ಮತ್ತು ಟೈಪ್ ಕೊಟ್ಟರೆ ಆಯಿತು. ಒಂದೇ ಫಂಕ್ಷನ್ ಐದಾರು ಕ್ವೆರಿಯಲ್ಲಿ ಬರುವುದಾದರೆ ಈ ಕಷ್ಟ ಪಡಿ. ಒಂದೇ ಕಡೆ ಬೇಕಿದ್ದರೆ ಮುಂದಿನ ದಾರಿ ಹಿಡಿಯಿರಿ.

ಅಂದ ಹಾಗೆ, ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ಬಳಸುವವರಿಗೆ ಇದೇ ಕೆಲಸ ಇನ್ನೂ ಸಲೀಸು. ಅಲ್ಲಿ ಎಂಟಿಟಿ ಫ್ರೇಮ್‌ವರ್ಕ್ ಕೋರ್‌ನ ಡಿಬಿಫಂಕ್ಷನ್ ಎಂಬ ಆಟ್ರಿಬ್ಯೂಟ್ ಅನ್ನು ಖಾಲಿ ಮೆಥಡ್ ಮೇಲೆ ಹಾಕಿದರೆ ಕ್ವೆರಿಯಲ್ಲಿ ಅದನ್ನು ಸೀದಾ ಕರೆಯಬಹುದು. ಜಾವಾದವರಿಗೆ ಸ್ವಲ್ಪ ಹೊಟ್ಟೆಕಿಚ್ಚು ಆಗೋದು ಸಹಜ.

ನೇಟಿವ್ ಕ್ವೆರಿ: ಜಾಸ್ತಿ ಸಲ ನಾನು ಹಿಡಿಯುವ ದಾರಿ

@ಕ್ವೆರಿ ಅನೋಟೇಶನ್‌ನಲ್ಲಿ ನೇಟಿವ್‌ಕ್ವೆರಿ (ಡೇಟಾಬೇಸ್‌ನ ಸ್ವಂತ ಎಸ್‌ಕ್ಯೂಎಲ್) ಅನ್ನುವುದನ್ನು ಟ್ರೂ ಮಾಡಿ "ಸೆಲೆಕ್ಟ್ ನಿವ್ವಳ_ಬಾಕಿ(:ಸದಸ್ಯ)" ಅಂತ ಬರೆಯಿರಿ. ಸ್ಪ್ರಿಂಗ್ ಇಲ್ಲದಿದ್ದರೆ ಎಂಟಿಟಿಯ ಮೇಲೆ @ನೇಮ್ಡ್‌ನೇಟಿವ್‌ಕ್ವೆರಿ ಹಾಕಿ. ಮೆಥಡ್ ಬಿಗ್‌ಡೆಸಿಮಲ್ (ಜಾವಾದ ನಿಖರ ದಶಮಾಂಶ ಸಂಖ್ಯೆ) ವಾಪಸ್ ಕೊಡುತ್ತದೆ. ಅಡಿಕೆ ಲೆಕ್ಕದಲ್ಲಿ ಆವತ್ತು ಕೊನೆಗೆ ನಿಂತದ್ದು ಇದೇ. ಸದಸ್ಯರ ವಿವರದ ಪುಟ ತೆರೆದಾಗ ಮಾತ್ರ, ಆ ಒಬ್ಬರಿಗೆ ಮಾತ್ರ, ಒಂದು ಕರೆ. ಡ್ರಾಪ್‌ಡೌನ್ ಈಗ ತಕ್ಷಣ ತೆರೆಯುತ್ತದೆ.

ವರ್ಷಾಂತ್ಯಕ್ಕೆ ಎಲ್ಲರ ಬಾಕಿ ಒಟ್ಟಿಗೆ ಬೇಕಾಗುತ್ತದೆ. ಆಗ ಈ ಫಂಕ್ಷನ್ ಅನ್ನೇ ಲೂಪ್‌ನಲ್ಲಿ ಕರೆದರೆ ಮತ್ತೆ ಹಳೆಯ ಕಥೆ. ಅದಕ್ಕೆ ‘ಎಲ್ಲರ_ಬಾಕಿ’ ಅಂತ ಬೇರೆಯೇ ಒಂದು ಬರೆದೆವು. ಅದು ಟೇಬಲ್ ವಾಪಸ್ ಕೊಡುವ ಫಂಕ್ಷನ್, ಇಡೀ ಖಾತೆಯನ್ನು ಒಂದೇ ಸಲ ಗುಂಪು ಮಾಡಿ ಲೆಕ್ಕ ಹಾಕುತ್ತದೆ. ಕರೆಯುವುದು "ಸೆಲೆಕ್ಟ್ * ಫ್ರಮ್ ಎಲ್ಲರ_ಬಾಕಿ(:ದಿನಾಂಕ)" ಅಂತ. ಬಂದ ಸಾಲುಗಳನ್ನು ಜಾವಾ ಕ್ಲಾಸ್‌ಗೆ ತುಂಬೋಕೆ @ಎಸ್‌ಕ್ಯೂಎಲ್‌ರಿಸಲ್ಟ್‌ಸೆಟ್‌ಮ್ಯಾಪಿಂಗ್, ಅದರೊಳಗೆ @ಕನ್‌ಸ್ಟ್ರಕ್ಟರ್‌ರಿಸಲ್ಟ್. ಬರೆಯೋಕೆ ಉದ್ದ, ನೋಡೋಕೆ ಅಂದವಿಲ್ಲ, ಆದರೆ ಕಾಲಮ್‌ಗಳು ಎಲ್ಲಿಗೆ ಹೋಗುತ್ತವೆ ಅಂತ ಕಣ್ಣಿಗೆ ಕಾಣುತ್ತದೆ. ಸ್ಪ್ರಿಂಗ್ ಇದ್ದರೆ ಇಂಟರ್‌ಫೇಸ್ ಪ್ರೊಜೆಕ್ಷನ್ ಸಾಕು.

ಈ ದಾರಿಯಲ್ಲಿ ಮುಳ್ಳು ಮೂರು. ಮೂರನ್ನೂ ತುಳಿದಿದ್ದೇನೆ.

ಒಂದು, ಪೋಸ್ಟ್‌ಗ್ರೆಸ್‌ನವರಿಗೆ ರೂಢಿಯಾದ ಎರಡು ಕೋಲನ್‌ನ (::) ಟೈಪ್ ಬದಲಾವಣೆ. ಹೈಬರ್ನೇಟ್‌ಗೆ ಕೋಲನ್ ಕಂಡರೆ ಪ್ಯಾರಾಮೀಟರ್ ಅಂತ ಅನುಮಾನ. ಸುಮ್ನೆ ಕಾಸ್ಟ್(… ಆ್ಯಸ್ ಡೇಟ್) ಅಂತ ಉದ್ದಕ್ಕೆ ಬರೆದುಬಿಡಿ.

ಎರಡು, ನಲ್, ಅಂದರೆ ಮೌಲ್ಯವೇ ಇಲ್ಲ ಅನ್ನುವ ಗುರುತು. ದಿನಾಂಕ ಕೊಡದಿದ್ದರೆ ಇವತ್ತಿನದು ಅಂತ ಫಂಕ್ಷನ್ ತಿಳಿಯುತ್ತದೆ, ಹಾಗಾಗಿ ನಲ್ ಕಳಿಸಿದೆ. ಬಂದ ಉತ್ತರ: ಇಂಥ ಫಂಕ್ಷನ್ ಇಲ್ಲವೇ ಇಲ್ಲ! ಕಣ್ಣೆದುರೇ ಇದೆಯಲ್ಲ ಅಂತ ಅರ್ಧ ಗಂಟೆ ಸ್ಕೀಮಾ ಹೆಸರು ತಿದ್ದುತ್ತಾ ಕೂತೆ. ಆಮೇಲೆ ಎರರ್ ಪೂರ್ತಿ ಓದಿದರೆ, ಬ್ರಾಕೆಟ್ ಒಳಗೆ ಡೇಟ್ ಬದಲು ಬೈಟ್‌ಎ ಅಂತ ಇತ್ತು. ನಲ್‌ನ ಟೈಪ್ ಗೊತ್ತಾಗದೆ ಹೈಬರ್ನೇಟ್ ಅದನ್ನು ಬೈಟ್‌ಗಳ ಥರ ಕಳಿಸಿತ್ತು. ಪೋಸ್ಟ್‌ಗ್ರೆಸ್ ಫಂಕ್ಷನ್ ಹುಡುಕುವಾಗ ಹೆಸರಿನ ಜೊತೆ ಪ್ಯಾರಾಮೀಟರ್‌ನ ಟೈಪ್ ಸಹ ನೋಡುತ್ತದೆ. ಇದಕ್ಕೂ ಕಾಸ್ಟ್ ಮದ್ದೇ ಮದ್ದು.

ಮೂರು, ಏನೂ ವಾಪಸ್ ಕೊಡದ ಫಂಕ್ಷನ್, ಅಂದರೆ ವಾಯ್ಡ್. ಸೆಲೆಕ್ಟ್ ಮಾಡಿದರೆ ಹೈಬರ್ನೇಟ್ 5ರಲ್ಲಿ "ಜೆಡಿಬಿಸಿ ಟೈಪ್ 1111ಕ್ಕೆ ಮ್ಯಾಪಿಂಗ್ ಇಲ್ಲ" ಎಂಬ ಪ್ರಸಿದ್ಧ ಎರರ್ (ಜೆಡಿಬಿಸಿ ಅಂದರೆ ಜಾವಾ ಡೇಟಾಬೇಸ್ ಜೊತೆ ಮಾತಾಡುವ ವ್ಯವಸ್ಥೆ). ಡೇಟಾ ಬದಲಿಸುವ ಕ್ವೆರಿ ಅಂತ ಹೇಳುವ @ಮಾಡಿಫೈಯಿಂಗ್ ಹಾಕಿ ತಪ್ಪಿಸಿಕೊಳ್ಳೋಣ ಅಂದರೆ, "ಉತ್ತರ ಬೇಡ ಅಂದಿದ್ದಿರಿ, ಆದರೆ ಉತ್ತರ ಬಂದಿದೆ" ಅಂತ ಡ್ರೈವರ್ ತಗಾದೆ ತೆಗೆಯುತ್ತದೆ. ಆ ಕಡೆಯೂ ಇಲ್ಲ, ಈ ಕಡೆಯೂ ಇಲ್ಲ. ಫಂಕ್ಷನ್ ನಿಮ್ಮ ಕೈಯಲ್ಲಿದ್ದರೆ ಅದು ಒಂದು ಸಂಖ್ಯೆ ವಾಪಸ್ ಕೊಡುವಂತೆ ಬದಲಿಸಿ. ಎಷ್ಟು ಸಾಲು ಬದಲಾಯಿತು ಅಂತ ಹೇಳಿದರೆ ಉಪಯೋಗವೂ ಆಯಿತು. ಕೈಯಲ್ಲಿ ಇಲ್ಲದಿದ್ದರೆ ಉತ್ತರವನ್ನು ಟೆಕ್ಸ್ಟ್‌ಗೆ ಕಾಸ್ಟ್ ಮಾಡಿ, ಖಾಲಿ ಸ್ಟ್ರಿಂಗ್ ಬರುತ್ತದೆ.

ಕಾರವಾರದ ಕಥೆ: ಸ್ಟೋರ್ಡ್ ಪ್ರೊಸೀಜರ್ ಅನೋಟೇಶನ್

ಎರಡನೇ ಕೆಲಸ ಬೋಟ್‌ಗಳ ಡೀಸೆಲ್ ಕೋಟಾ. ‘ಕೋಟಾ_ಕಡಿತ’ ಎಂಬ ಫಂಕ್ಷನ್ ಬೋಟ್‌ನ ಸಾಲನ್ನು ಲಾಕ್ ಮಾಡಿ, ಉಳಿದ ಕೋಟಾದಿಂದ ಲೀಟರ್ ಕಳೆದು, ವಿತರಣೆಯ ಟೇಬಲ್‌ಗೆ ಒಂದು ಸಾಲು ಬರೆದು, ಉಳಿಕೆ ಎಷ್ಟು ಅಂತ ಹೇಳುತ್ತದೆ. ಅಂದರೆ ಓದುವುದು, ಬರೆಯುವುದು, ಉತ್ತರ ಕೊಡುವುದು, ಮೂರೂ ಒಂದರಲ್ಲೇ. ಇದನ್ನು ನಾನು ಸ್ಪ್ರಿಂಗ್‌ನ @ಪ್ರೊಸೀಜರ್ ಅನೋಟೇಶನ್‌ನಿಂದ ಕರೆಯುತ್ತಿದ್ದೆ. ಒಂದೇ ಸಾಲು, ಎಷ್ಟು ಚಂದ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟ್‌ಗಳೆಲ್ಲ ಬೈತಖೋಲ ಬಂದರಿನಲ್ಲಿ ಲಂಗರು ಹಾಕಿ ನಿಂತಿರುತ್ತವೆ. ಡೀಸೆಲ್ ಬೇಕಿಲ್ಲ, ಆದ್ದರಿಂದ ಸಾಫ್ಟ್‌ವೇರ್ ಬದಲಿಸೋಕೆ ಅದೇ ಒಳ್ಳೆ ಹೊತ್ತು. ಆ ಮಳೆಗಾಲದಲ್ಲಿ ಸ್ಪ್ರಿಂಗ್ ಬೂಟ್ 3ಕ್ಕೆ ಹೋದೆವು, ಜೊತೆಗೆ ಹೈಬರ್ನೇಟ್ 6 ಬಂತು. ಜಾವಾಎಕ್ಸ್ ಅಂತ ಇದ್ದ ಇಂಪೋರ್ಟ್‌ಗಳನ್ನೆಲ್ಲ ಜಕಾರ್ತಾ ಮಾಡಿ, ದೇವಿಮನೆ ಘಟ್ಟ ಇಳಿದು, ಕಾರವಾರಕ್ಕೆ ಹೋಗಿ ಹಾಕಿಯೂ ಬಂದೆ. ಆಗಸ್ಟ್‌ನಲ್ಲಿ ಮೊದಲ ಬೋಟ್ ಡೀಸೆಲ್ ಕೇಳಿದಾಗ ಪೋಸ್ಟ್‌ಗ್ರೆಸ್ ಹೇಳಿತು: ಇದು ಪ್ರೊಸೀಜರ್ ಅಲ್ಲ, ಫಂಕ್ಷನ್ ಕರೆಯೋಕೆ ಸೆಲೆಕ್ಟ್ ಬಳಸಿ.

ನಡೆದದ್ದು ಇಷ್ಟು. ಹೈಬರ್ನೇಟ್ 5 ಸುರುಳಿ ಬ್ರಾಕೆಟ್ ಹಾಕಿ ಕಾಲ್ ಅಂತ ಬರೆಯುತ್ತಿತ್ತು. ಪೋಸ್ಟ್‌ಗ್ರೆಸ್‌ನ ಜೆಡಿಬಿಸಿ ಡ್ರೈವರ್ ಅದನ್ನು ಸದ್ದಿಲ್ಲದೆ ಸೆಲೆಕ್ಟ್ ಆಗಿ ಬದಲಿಸುತ್ತಿತ್ತು. ಹಾಗಾಗಿ ಪ್ರೊಸೀಜರ್ ಹೆಸರಿನಲ್ಲಿ ಫಂಕ್ಷನ್ ಓಡುತ್ತಿತ್ತು. ಹೈಬರ್ನೇಟ್ 6 ಪ್ರೊಸೀಜರ್ ಅಂದರೆ ಪ್ರೊಸೀಜರ್ ಅಂತಲೇ ತಿಳಿದು ನೇರ ಕಾಲ್ ಕಳಿಸಿತು. ಅದು ಮಾಡಿದ್ದು ಸರಿಯೇ. ಇಷ್ಟು ದಿನ ತಪ್ಪು ದಾರಿಯಲ್ಲಿ ಸುಖವಾಗಿದ್ದವನು ನಾನು.

ಸರಿಮಾಡೋಕೆ ಎರಡು ದಾರಿ. @ನೇಮ್ಡ್‌ಸ್ಟೋರ್ಡ್‌ಪ್ರೊಸೀಜರ್‌ಕ್ವೆರಿಯನ್ನೇ ಇಟ್ಟುಕೊಂಡು, ಅದರ ಹಿಂಟ್‌ಗಳಲ್ಲಿ ಇದು ಫಂಕ್ಷನ್ ಅಂತ ಹೈಬರ್ನೇಟ್‌ಗೆ ಹೇಳುವುದು ಒಂದು. ಆ ಹಿಂಟ್‌ನ ಹೆಸರಿನ ಕೊನೆಯಲ್ಲಿ ಕಾಲೆಬಲ್‌ಫಂಕ್ಷನ್ ಅಂತ ಇದೆ. ಇಲ್ಲಾ, ಎಲ್ಲ ಬಿಟ್ಟು ನೇಟಿವ್ ಸೆಲೆಕ್ಟ್ ಬರೆಯುವುದು ಇನ್ನೊಂದು. ನಾನು ಎರಡನೆಯದನ್ನು ಮಾಡಿದೆ. ಪೋಸ್ಟ್‌ಗ್ರೆಸ್‌ನಲ್ಲಿ ಫಂಕ್ಷನ್ ಅಂದರೆ ಸೆಲೆಕ್ಟೇ, ಅದನ್ನು ಮರೆಮಾಚುವ ಅನೋಟೇಶನ್ ಯಾಕೆ ಅನ್ನುವುದು ನನ್ನ ಅಭಿಪ್ರಾಯ. ನಿಜವಾದ ಪ್ರೊಸೀಜರ್ ಇದ್ದರೆ, ಔಟ್ ಪ್ಯಾರಾಮೀಟರ್ ಎರಡು ಮೂರು ಇದ್ದರೆ, ಆಗ ಈ ಅನೋಟೇಶನ್ ಬಿಟ್ಟು ಬೇರೆ ಹುಡುಕಬೇಡಿ. ಆದರೆ ಆ ಪ್ರೊಸೀಜರ್ ತನ್ನೊಳಗೇ ಕಮಿಟ್ ಮಾಡುತ್ತದಾ ನೋಡಿ. ಮಾಡಿದರೆ @ಟ್ರಾನ್ಸಾಕ್ಷನಲ್ ಒಳಗಿಂದ ಕರೆಯೋಕೆ ಆಗುವುದಿಲ್ಲ, ಪೋಸ್ಟ್‌ಗ್ರೆಸ್ ಒಪ್ಪುವುದಿಲ್ಲ.

ಒರಾಕಲ್‌ನವರಿಗೆ ನನ್ನ ಈ ಸಲಹೆ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ಟೇಬಲ್‌ಗೆ ಬರೆಯುವ ಫಂಕ್ಷನ್ ಅನ್ನು ಸೆಲೆಕ್ಟ್ ಒಳಗೆ ಕರೆದರೆ 14551 ನಂಬರಿನ ಎರರ್ ಬರುತ್ತದೆ, ಕ್ವೆರಿ ಒಳಗೆ ಬದಲಾವಣೆ ಮಾಡುವಂತಿಲ್ಲ ಅಂತ. ಅಲ್ಲಿ "ಪ್ರಶ್ನೆ ಚಿಹ್ನೆ = ಕಾಲ್" ಎಂಬ ಜೆಡಿಬಿಸಿ ರೂಪವೇ ಬೇಕು. ಹೈಬರ್ನೇಟ್‌ನ ಪ್ರೊಸೀಜರ್‌ಕಾಲ್‌ನಲ್ಲಿ ಮಾರ್ಕ್‌ಆ್ಯಸ್‌ಫಂಕ್ಷನ್‌ಕಾಲ್ ಬಳಸಿ, ಅಥವಾ ಸ್ಪ್ರಿಂಗ್‌ನ ಸಿಂಪಲ್‌ಜೆಡಿಬಿಸಿಕಾಲ್ ಹಿಡಿಯಿರಿ. ಎರಡನೆಯದಕ್ಕೆ ಫಂಕ್ಷನ್ ಅಂತಲೇ ಹೇಳುವ ಮೆಥಡ್ ಇದೆ, ಅನೋಟೇಶನ್ ಇಲ್ಲದಿದ್ದರೂ ಓದೋಕೆ ಸ್ಪಷ್ಟ. ಹಳೆಯ ಕೋಡ್‌ನಲ್ಲಿ ಹೈಬರ್ನೇಟ್‌ನ ನೇಮ್ಡ್ ನೇಟಿವ್ ಕ್ವೆರಿಗೆ ಕಾಲೆಬಲ್ = ಟ್ರೂ ಅಂತ ಕೊಟ್ಟದ್ದು ಕಾಣಬಹುದು. ಹೊಸದಾಗಿ ಅದನ್ನು ಬರೆಯೋಕೆ ಹೋಗಬೇಡಿ.

ಬರೆಯುವ ಫಂಕ್ಷನ್, ಮತ್ತು ಏನೂ ಗೊತ್ತಿಲ್ಲದ ಹೈಬರ್ನೇಟ್

ಯಾವ ಅನೋಟೇಶನ್ ಹಿಡಿದರೂ ತಪ್ಪದ ತೊಂದರೆ ಒಂದಿದೆ. ಫಂಕ್ಷನ್ ಒಳಗೆ ಏನು ಬದಲಾಯಿತು ಅನ್ನುವುದು ಹೈಬರ್ನೇಟ್‌ಗೆ ಗೊತ್ತಾಗುವುದಿಲ್ಲ.

ಕೋಟಾ ಸಾಫ್ಟ್‌ವೇರ್‌ನಲ್ಲಿ ಒಂದೇ ಮೆಥಡ್ ಮೂರು ಕೆಲಸ ಮಾಡುತ್ತಿತ್ತು. ಬೋಟ್ ಎಂಟಿಟಿ ಲೋಡ್ ಮಾಡುವುದು, ‘ಕೋಟಾ_ಕಡಿತ’ ಕರೆಯುವುದು, ತಾಂಡೇಲರ (ಬೋಟ್ ನಡೆಸುವವರ) ಮೊಬೈಲ್ ನಂಬರ್ ಬದಲಾಗಿದ್ದರೆ ಅದನ್ನು ಎಂಟಿಟಿಯಲ್ಲಿ ತಿದ್ದುವುದು. ಲೋಡ್ ಆದಾಗ ಕೋಟಾ 300 ಲೀಟರ್ ಅಂತ ಇಟ್ಟುಕೊಳ್ಳಿ. ಫಂಕ್ಷನ್ 120 ಕಳೆಯಿತು, ಡೇಟಾಬೇಸ್‌ನಲ್ಲಿ 180 ಆಯಿತು. ಎಂಟಿಟಿಯಲ್ಲಿ ಇನ್ನೂ 300. ಈಗ ಮೊಬೈಲ್ ನಂಬರ್ ಬದಲಾಗಿದೆ ಅಂತ ಹೈಬರ್ನೇಟ್ ಅಪ್‌ಡೇಟ್ ಬರೆಯುತ್ತದೆ. ಡೀಫಾಲ್ಟ್ ಆಗಿ ಅದು ಬದಲಾದ ಕಾಲಮ್ ಒಂದನ್ನೇ ಬರೆಯುವುದಿಲ್ಲ, ಎಲ್ಲ ಕಾಲಮ್‌ಗಳನ್ನೂ ಬರೆಯುತ್ತದೆ. ಕೋಟಾ ಮತ್ತೆ 300! ನಂಬರ್ ಬದಲಿಸಿದ ಬೋಟ್‌ಗೆ ಡೀಸೆಲ್ ಪುಕ್ಕಟೆ. ವಿತರಣೆಯ ಟೇಬಲ್‌ನ ಮೊತ್ತಕ್ಕೂ ಕೋಟಾಕ್ಕೂ ತಾಳೆ ಬರದೇ ಇದ್ದಾಗ ಸಿಕ್ಕಿಬಿದ್ದದ್ದು ಇದು.

ನಾನು ಮಾಡಿದ ಮೊದಲ ತಿದ್ದುಪಡಿ, ಆ ಫೀಲ್ಡ್‌ನ @ಕಾಲಮ್‌ನಲ್ಲಿ ಅಪ್‌ಡೇಟೆಬಲ್ = ಫಾಲ್ಸ್. ಕೋಟಾ ಬದಲಿಸುವ ಹಕ್ಕು ಫಂಕ್ಷನ್‌ಗೆ ಮಾತ್ರ ಅಂತ ಎಂಟಿಟಿಯಲ್ಲೇ ಬರೆದ ಹಾಗಾಯಿತು. ಎರಡನೆಯದು, ಕರೆಯ ಮೊದಲು ಫ್ಲಶ್, ಆಮೇಲೆ ಆ ಬೋಟ್‌ಗೆ ರಿಫ್ರೆಶ್. ಮೊದಲು ಫ್ಲಶ್ ಯಾಕೆ ಅಂದರೆ, ಎಂಟಿಟಿಯಲ್ಲಿ ಮಾಡಿದ ಬದಲಾವಣೆ ಇನ್ನೂ ಡೇಟಾಬೇಸ್‌ಗೆ ಹೋಗದೆ ಮೆಮೊರಿಯಲ್ಲೇ ಇರಬಹುದು, ಫಂಕ್ಷನ್‌ಗೆ ಅದು ಕಾಣುವುದಿಲ್ಲ. ಯಾವ ಕರೆ ತಾನಾಗಿ ಫ್ಲಶ್ ಮಾಡುತ್ತದೆ, ಯಾವುದು ಮಾಡುವುದಿಲ್ಲ ಅಂತ ನೆನಪಿಡುವ ಬದಲು ನಾನೇ ಬರೆಯುತ್ತೇನೆ. @ವರ್ಷನ್ (ಸಾಲು ಬದಲಾದಾಗಲೆಲ್ಲ ಏರುವ ಸಂಖ್ಯೆ) ಬಳಸುತ್ತಿದ್ದರೆ ಫಂಕ್ಷನ್ ಒಳಗೂ ಆ ಸಂಖ್ಯೆ ಏರಿಸಿ. ಇಲ್ಲದಿದ್ದರೆ ಇನ್ನೊಬ್ಬರು ಹಳೆಯ ಎಂಟಿಟಿ ಉಳಿಸಿದರೂ ಆಪ್ಟಿಮಿಸ್ಟಿಕ್ ಲಾಕ್ ಹಿಡಿಯುವುದಿಲ್ಲ.

ಹಾಗೇ, ಸೆಲೆಕ್ಟ್ ಅಂತ ಬರೆದಿದ್ದೀರಿ ಅಂತ ಆ ಸರ್ವಿಸ್ ಮೆಥಡ್ ಮೇಲೆ ರೀಡ್‌ಓನ್ಲಿ ಟ್ರಾನ್ಸಾಕ್ಷನ್ ಹಾಕಬೇಡಿ. ಓದುವ ಟ್ರಾನ್ಸಾಕ್ಷನ್‌ನಲ್ಲಿ ಅಪ್‌ಡೇಟ್ ಮಾಡುವಂತಿಲ್ಲ ಅಂತ ಪೋಸ್ಟ್‌ಗ್ರೆಸ್ ನಿಲ್ಲಿಸುತ್ತದೆ. ಮೆಥಡ್‌ನ ಹೆಸರನ್ನೂ ‘ಫೈಂಡ್’ ಅಂತ ಶುರುಮಾಡಬೇಡಿ. ನಮ್ಮಲ್ಲಿ ಹೊಸ ಹುಡುಗನೊಬ್ಬ ಹೆಸರು ನೋಡಿ ಓದುವ ಕೆಲಸ ಅಂತಲೇ ತಿಳಿದು ಪರೀಕ್ಷೆಗೆ ಎರಡು ಸಲ ಕರೆದಿದ್ದ. ಪುಣ್ಯಕ್ಕೆ ಅದು ಟೆಸ್ಟ್ ಡೇಟಾಬೇಸ್.

ಕಾಲಮ್‌ಗೆ ಅಂಟಿದ ಫಂಕ್ಷನ್

ಇನ್ನೊಂದು ಅನೋಟೇಶನ್ @ಕಾಲಮ್‌ಟ್ರಾನ್ಸ್‌ಫಾರ್ಮರ್, ಇದೂ ಹೈಬರ್ನೇಟ್‌ನದ್ದೇ. ಓದುವಾಗ ಒಂದು ಫಂಕ್ಷನ್, ಬರೆಯುವಾಗ ಒಂದು ಫಂಕ್ಷನ್. ಬೆಳೆಗಾರರ ಬ್ಯಾಂಕ್ ಖಾತೆ ಸಂಖ್ಯೆಯನ್ನು ಪೋಸ್ಟ್‌ಗ್ರೆಸ್‌ನ ಪಿಜಿಕ್ರಿಪ್ಟೋ ಎಕ್ಸ್‌ಟೆನ್ಶನ್‌ನಿಂದ ಗೂಢಲಿಪಿ ಮಾಡಿ ಇಡೋಕೆ ಬಳಸಿದ್ದೇನೆ. ಬರೆಯುವ ಕಡೆ, ಮೌಲ್ಯದ ಜಾಗ ತೋರಿಸುವ ಪ್ರಶ್ನೆ ಚಿಹ್ನೆ ಒಂದೇ ಇರಬೇಕು. ಕೀಯನ್ನು ಅನೋಟೇಶನ್ ಒಳಗೇ ಬರೆದರೆ ಅದು ಕೋಡ್‌ನಲ್ಲೂ ಲಾಗ್‌ನಲ್ಲೂ ಬಟಾಬಯಲು, ಅದಕ್ಕೆ ಡೇಟಾಬೇಸ್‌ನ ಸೆಟ್ಟಿಂಗ್‌ನಿಂದ ಓದುವಂತೆ ಮಾಡಿ. ಈ ಕಾಲಮ್ ಇರುವ ಎಂಟಿಟಿ ಲೋಡ್ ಆದಾಗಲೆಲ್ಲ ಬಿಡಿಸುವ ಕೆಲಸ ನಡೆಯುತ್ತದೆ. @ಫಾರ್ಮುಲಾ ಕಥೆ ಮತ್ತೆ ಶುರುವಾಗಬಾರದು ಅಂತ ನಾನು ಖಾತೆ ಸಂಖ್ಯೆಯನ್ನು ಬೇರೆ ಟೇಬಲ್‌ಗೇ ಸಾಗಿಸಿದೆ.

@ಎಸ್‌ಕ್ಯೂಎಲ್‌ಇನ್ಸರ್ಟ್, @ಎಸ್‌ಕ್ಯೂಎಲ್‌ಅಪ್‌ಡೇಟ್ ಅಂತಲೂ ಇವೆ. ಹೈಬರ್ನೇಟ್‌ನ ಇನ್ಸರ್ಟ್ ಬದಲು ನಿಮ್ಮ ಪ್ರೊಸೀಜರ್ ಓಡುತ್ತದೆ. ಟೇಬಲ್‌ಗೆ ನೇರ ಬರೆಯುವ ಅನುಮತಿಯೇ ಇಲ್ಲ ಅನ್ನುವ ಕಡೆ ಬಿಟ್ಟು ಬೇರೆಲ್ಲೂ ಬಳಸಬೇಡಿ. ಪ್ಯಾರಾಮೀಟರ್‌ಗಳು ಹೈಬರ್ನೇಟ್ ಇಡುವ ಕ್ರಮದಲ್ಲೇ ಬರುತ್ತವೆ, ಎಂಟಿಟಿಗೆ ಒಂದು ಫೀಲ್ಡ್ ಸೇರಿಸಿದರೆ ಕ್ರಮವೆಲ್ಲ ಅದಲು ಬದಲು.

ಫಂಕ್ಷನ್ ಎಲ್ಲಿ ಇಡಬೇಕು

ಅನೋಟೇಶನ್ ಜಾವಾ ಕೋಡ್‌ನಲ್ಲಿ, ಫಂಕ್ಷನ್ ಡೇಟಾಬೇಸ್‌ನಲ್ಲಿ. ಒಂದು ಕೋಡ್‌ನ ಇತಿಹಾಸ ಕಾಯುವ ಗಿಟ್‌ನಲ್ಲಿದೆ, ಇನ್ನೊಂದು ಯಾರದೋ ತಲೆಯಲ್ಲಿದೆ ಅನ್ನುವ ಹಾಗೆ ಆಗಬಾರದು. ನಾವು ಫಂಕ್ಷನ್‌ಗಳನ್ನು, ಡೇಟಾಬೇಸ್ ಬದಲಾವಣೆಗಳನ್ನು ಓಡಿಸುವ ಫ್ಲೈವೇ ಎಂಬ ಉಪಕರಣದ ರಿಪೀಟೆಬಲ್ ಫೈಲ್‌ಗಳಲ್ಲಿ ಇಟ್ಟಿದ್ದೇವೆ. ಫೈಲ್ ಬದಲಾದರೆ ಚೆಕ್‌ಸಮ್ ಬದಲಾಗುತ್ತದೆ, ಮುಂದಿನ ಸಲ ಸಾಫ್ಟ್‌ವೇರ್ ಶುರುವಾಗುವಾಗ ಫ್ಲೈವೇ ಅದನ್ನು ಮತ್ತೆ ಓಡಿಸುತ್ತದೆ. ಪ್ಯಾರಾಮೀಟರ್‌ನ ಟೈಪ್ ಬದಲಿಸಿದರೆ ಮಾತ್ರ ಹುಷಾರು. ಪೋಸ್ಟ್‌ಗ್ರೆಸ್ ಹಳೆಯದನ್ನು ಅಳಿಸುವುದಿಲ್ಲ, ಅದೇ ಹೆಸರಿನ ಇನ್ನೊಂದನ್ನು ಪಕ್ಕದಲ್ಲಿ ಇಡುತ್ತದೆ. ಹಳೆಯದನ್ನು ನೀವೇ ಡ್ರಾಪ್ ಮಾಡಬೇಕು.

ಟೆಸ್ಟ್‌ಗೆ ಎಚ್‌2 ಎಂಬ ಪುಟ್ಟ ಡೇಟಾಬೇಸ್ ಬಳಸುತ್ತಿದ್ದರೆ ಈ ಫಂಕ್ಷನ್‌ಗಳು ಅಲ್ಲಿ ಓಡುವುದಿಲ್ಲ. ಟೆಸ್ಟ್‌ಕಂಟೇನರ್ಸ್ ಹಾಕಿ ನಿಜವಾದ ಪೋಸ್ಟ್‌ಗ್ರೆಸ್ ಎಬ್ಬಿಸಿ. ನನ್ನ ಹಳೆಯ ಲ್ಯಾಪ್‌ಟಾಪ್‌ಗೆ ಇದು ಭಾರ, ಮಳೆಗಾಲದಲ್ಲಿ ಕರೆಂಟ್ ಹೋದರೆ ಬ್ಯಾಟರಿ ಅರ್ಧ ಗಂಟೆಯೂ ತಾಳುವುದಿಲ್ಲ. ಆದರೂ ‘ಕೋಟಾ_ಕಡಿತ’ಕ್ಕೆ ಒಂದು ಟೆಸ್ಟ್ ಇದೆ. ಬೋಟ್ ಲೋಡ್ ಮಾಡು, 120 ಲೀಟರ್ ಕಳೆ, ಮೊಬೈಲ್ ನಂಬರ್ ಬದಲಿಸು, ಉಳಿಸು, ಮತ್ತೆ ಓದು, 180 ಇದೆಯಾ ನೋಡು. ಪ್ರತಿ ವರ್ಷ ಜೂನ್‌ನಲ್ಲಿ ಆವೃತ್ತಿ ಬದಲಿಸುವಾಗ ನಾನು ಮೊದಲು ಓಡಿಸುವುದು ಅದನ್ನೇ.